ತಲೆಯಿಲ್ಲದ ಕೋಳಿಗೆ ದನಿ ಕೊಟ್ಟ ತಿಪ್ಪೇಶ

ಚೋರನೂರಿನಲ್ಲಿ ಹುಟ್ಟಿದ ತಿಪ್ಪೇಶನಿಗೆ ಹೊಲಗೆಲಸ ಒಗ್ಗಲಿಲ್ಲ, ಓದು ತಲೆಗೆ ಹತ್ತಲಿಲ್ಲ. ಹತ್ತಿದ್ದು ಒಂದೇ ವಿದ್ಯೆ, ಇನ್ನೊಬ್ಬರ ದನಿ ಕದಿಯುವುದು. ಮೇಷ್ಟ್ರು, ಗೌಡರು, ಕೆಟ್ಟು ನಿಂತ ಲಾರಿ, ಯಾರದು ಬೇಕು ಹೇಳಿ, ಆ ದನಿ ಅವನ ಗಂಟಲಲ್ಲಿ ಸಿದ್ಧ.

ಗಣಿ ಜೋರಾಗಿದ್ದ ಕಾಲ, ಎರಡು ಸಾವಿರದ ಆರನೇ ಇಸವಿ. ಕೂಲಿಯವರ ತಗಡಿನ ಶೆಡ್ಡಿಗೂ ಟಿವಿ ಬಂದಿತ್ತು. ತಿಪ್ಪೇಶ ಯಶವಂತನಗರಕ್ಕೆ ಬಂದು, ಕೇಬಲ್ ನಡೆಸುತ್ತಿದ್ದ ಶಂಭುಲಿಂಗನ ಬಳಿ ಕಂಬ ಹತ್ತುವ ಕೆಲಸಕ್ಕೆ ಸೇರಿದ. ಮೊದಲ ಪಗಾರ ಕೈಗೆ ಬರುವ ತನಕ ಅವನ ಹೊಟ್ಟೆ ನೋಡಿಕೊಂಡವಳು ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಬಂಡಿ ಇಟ್ಟಿದ್ದ ವಿರುಪಮ್ಮ.

ವಿರುಪಮ್ಮನ ಗಂಡ ಅದಿರು ಲಾರಿಗೆ ಸಿಕ್ಕು ಸತ್ತು ನಾಲ್ಕು ವರ್ಷವಾಗಿತ್ತು. ಅವಳು ದಿನವೂ ಎಣ್ಣೆಯಿಂದ ತೆಗೆದ ಮೊದಲ ಮಿರ್ಚಿಯನ್ನು ಅವನ ಹೆಸರಿನಲ್ಲಿ ಒಲೆಯ ಪಕ್ಕ ಇಟ್ಟು, ಮೆಲ್ಲಗೆ ಮಾತಾಡುತ್ತಿದ್ದಳು. "ತಗೋರಿ, ಬಿಸಿ ಐತಿ, ಊದ್ಕೊಂಡು ತಿನ್ರಿ. ಇವತ್ತು ಧೂಳು ಭಾಳ ಐತಿ ನೋಡ್ರಿ." ಬಂಡಿಯ ಹಿಂದೆ ಕೂತು ತಿನ್ನುತ್ತಿದ್ದ ತಿಪ್ಪೇಶನಿಗೆ ಮಾತ್ರ ಅದು ಕೇಳಿಸುತ್ತಿತ್ತು.

ಒಂದು ದಿನ ಶಂಭುಲಿಂಗ ತನ್ನ ಕೇಬಲ್ಲಿನ ಊರ ಚಾನೆಲ್ಲಿನಲ್ಲಿ ಹಾಕಲು ಹೊಸಪೇಟೆಯಿಂದ ಒಂದು ಸಿಡಿ ತಂದ. ಪರದೇಶದ ಕಾರ್ಟೂನು, ಆದರೆ ಮಕ್ಕಳಿಗೆ ತೋರಿಸುವಂಥದ್ದಲ್ಲ. ಕುರ್ಚಿಯೊಂದು ಮದುವೆಯಾಗುತ್ತದೆ, ಹಲ್ಲುಗಳೆಲ್ಲ ಸೇರಿ ಬಾಯಿಯ ಮೇಲೆ ಕೇಸು ಹಾಕುತ್ತವೆ, ತಲೆಯಿಲ್ಲದ ಕೋಳಿಯೊಂದು ಕಡಿದುಬಿದ್ದ ತನ್ನ ತಲೆಯನ್ನೇ ತಟ್ಟೆಯಲ್ಲಿಟ್ಟು ಅದಕ್ಕೆ ಕಾಳು ತಿನ್ನಿಸುತ್ತದೆ. ತಲೆಬುಡ ಇಲ್ಲ. "ಇಂಗ್ಲಿಷ್ ಯಾರಿಗ್ ತಿಳೀತೈತಲೇ? ನಮ್ ಮಾತು ಹಾಕು" ಎಂದ ಶಂಭುಲಿಂಗ.

ತಿಪ್ಪೇಶ ಮೈಕಿನ ಮುಂದೆ ಕೂತ. ಕುರ್ಚಿಗೆ ಗೌಡರ ದನಿ ಕೊಟ್ಟ, ಹಲ್ಲುಗಳಿಗೆ ಮೇಷ್ಟ್ರದು. ಕೋಳಿಯ ಸರದಿ ಬಂದಾಗ ಬಾಯಿಗೆ ವಿರುಪಮ್ಮನ ಆ ಮೆಲುದನಿ ತಾನಾಗಿ ಬಂತು: "ತಗೋರಿ, ಬಿಸಿ ಐತಿ, ಊದ್ಕೊಂಡು ತಿನ್ರಿ." ಶಂಭುಲಿಂಗ ಬಿದ್ದು ಬಿದ್ದು ನಕ್ಕ. ವಿರುಪಮ್ಮನ ಮನೆಯಲ್ಲಿ ಟಿವಿ ಇಲ್ಲವಲ್ಲ ಎಂದು ತಿಪ್ಪೇಶ ಸಮಾಧಾನ ಮಾಡಿಕೊಂಡ. ಬಂಡಿಯ ಎದುರಿನ ಹೋಟೆಲಿನಲ್ಲಿ ಟಿವಿ ಇದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಅಲ್ಲಿಗೆ ವೈರು ಎಳೆದವನೇ ಅವನು, ಹೊಳೆಯಲಿಲ್ಲವಂತೆ!

ಮಧ್ಯಾಹ್ನದ ಪಾಳಿ ಬಿಟ್ಟ ಹೊತ್ತಿಗೆ ಕಾರ್ಟೂನು ಹಾಕಿದರು. ವಾರದೊಳಗೆ ಕೋಳಿ ಊರಿಗೆಲ್ಲ ಅಂಟಿತು. ಡ್ರೈವರುಗಳು ಒಬ್ಬರಿಗೊಬ್ಬರು ಚಹಾ ಕೊಡುವಾಗಲೂ "ಊದ್ಕೊಂಡು ತಿನ್ರಿ" ಅನ್ನುವರು, ಬಸ್ಸಿನ ಕಿಟಕಿಯಿಂದಲೂ ಅದನ್ನೇ ಕೂಗುವರು. ಅದು ಯಾರ ಮಾತೆಂದು ಅವರಿಗೇನು ಗೊತ್ತು? ಕೂಗಿದಾಗಲೆಲ್ಲ ವಿರುಪಮ್ಮ ಹಿಟ್ಟಿನ ಬೋಗುಣಿಗೆ ಮುಖ ಬಗ್ಗಿಸುತ್ತಿದ್ದಳು. ಆಮೇಲೆ ಮೊದಲ ಮಿರ್ಚಿಯೂ ಗಿರಾಕಿಯ ಪೇಪರಿಗೆ ಹೋಗತೊಡಗಿತು. ಅವಳು ಗಂಡನೊಡನೆ ಮಾತು ಬಿಟ್ಟಿದ್ದಳು.

ಅದನ್ನು ನೋಡಿದ ದಿನ ತಿಪ್ಪೇಶನಿಗೆ, ಉಂಡ ಮನೆಗೇ ಹೀಗೆ ಮಾಡಿದೆನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಸಿಡಿಯನ್ನು ಮುರಿದು ಹಾಕಿದ. "ತಲಿ ಕೆಟ್ಟೈತೇನಲೇ? ಆ ಕೋಳಿ ಬಿಟ್ರ ನಮ್ ಚಾನೆಲ್ ಯಾರ್ ನೋಡ್ತಾರ?" ಎಂದು ಶಂಭುಲಿಂಗ ಕೂಗಾಡಿ ಅವನನ್ನು ಕೆಲಸದಿಂದ ಬಿಡಿಸಿದ. ತಿಪ್ಪೇಶ ನೆಟ್ಟಗೆ ಬಂಡಿಗೆ ಬಂದ.

"ಯಕ್ಕಾ, ಆ ಕೋಳಿ ದನಿ ನಂದು. ತಪ್ಪಾತು. ನಿಲ್ಲಿಸಿ ಬಂದೀನಿ. ಇನ್ನ ಟಿವಿಯಾಗ ಅದು ಬರಂಗಿಲ್ಲ."

ವಿರುಪಮ್ಮ ಜಾಲರಿ ಸೌಟಿನಿಂದ ಎಣ್ಣೆ ಕದಡುತ್ತ ನಿಧಾನಕ್ಕೆ ಹೇಳಿದಳು. "ನೀನಂತ ಮೊದಲ್ನೇ ದಿನಾನ ಗೊತ್ತಾತು. ಆ ಮಾತು ಕೇಳಿದಾವ ನೀನೊಬ್ಬನ ಇದ್ದಿ."

"ಬಯ್ಯಬಾರದೇನ ಯಕ್ಕಾ?"

"ಬೈದು ಏನ್ ಮಾಡ್ಲಿ? ಟಿವಿಯಾಗ ನಿಲ್ಲಿಸ್ದಿ, ಖರೆ. ಈಗ ಅವ್ರನ್ನ ಮಾತಾಡ್ಸಾಕ ಬಾಯಿ ತಗದ್ರ, ನನ್ ದನಿನ ನಂಗ ಕೋಳಿ ದನಿ ಆಗಿ ಕೇಳಸ್ತೈತಿ. ಅದನ್ನ ಹೆಂಗ ನಿಲ್ಲಸ್ತೀ ತಿಪ್ಪೇಶಾ?"

ಅಷ್ಟರಲ್ಲಿ ಗಣಿಯ ಬಸ್ಸು ಬಂತು. ವಿರುಪಮ್ಮ ತಿಪ್ಪೇಶನ ಆಚೆ ನೋಡಿ, ಬಸ್ಸಿಳಿದು ಅವನ ಹಿಂದೆ ನಿಂತ ಗಿರಾಕಿಯನ್ನು, ಎಷ್ಟು ಬೇಕ್ರಿ, ಎಂದು ಕೇಳಿದಳು.