‘ಬ್ರದರ್’ ಎಂದು ಬರೆದ ಲಕೋಟೆ

ಸಿದ್ದರಾಜುವಿಗೆ ಒಂದು ರೋಗವಿತ್ತು. ಯಾರು ಏನು ಕೊಟ್ಟರೂ ಹೊತ್ತುಕೊಂಡು ಹೋಗಿ ತಲುಪಿಸಿಬಿಡುವುದು. ಅಮೆರಿಕದಲ್ಲಿ ಏರ್‌ಪೋರ್ಟ್ ವ್ಯಾನು ಓಡಿಸುತ್ತಿದ್ದ ಈ ಮದ್ದೂರು ಕಡೆಯ ಮನುಷ್ಯ ಬೆರ್ರಿಯೆಸಾದಿಂದ ಡ್ಯಾನ್‌ವಿಲ್‌ಗೆ ಉಪ್ಪಿನಕಾಯಿ, ಲಿವರ್‌ಮೋರ್ ದೇವಸ್ಥಾನದಿಂದ ಬಾಣಂತಿಯರಿಗೆ ಪ್ರಸಾದ, ಡೇಕೇರಿನಲ್ಲಿ ಬಿಟ್ಟುಬಂದ ಯಾರದೋ ಮಗುವಿನ ಒಂಟಿ ಶೂ, ಎಲ್ಲವನ್ನೂ ಸಾಗಿಸುತ್ತಿದ್ದ. ಇಂಜಿನಿಯರುಗಳು ಡಾಟ್‌ಕಾಮ್ ಕಟ್ಟಿ ಮನೆಮನೆಗೆ ಸಾಮಾನು ತಲುಪಿಸುತ್ತೇವೆಂದು ಬೊಬ್ಬೆ ಹೊಡೆಯುತ್ತಿದ್ದ ಕಾಲವದು. “ಕಂಪ್ಯೂಟ್ರು ಇಲ್ದೇನೆ ಮಾಡ್ತಾವ್ನಿ ಕಣಯ್ಯ ನಾನು” ಎಂದು ಇವನು ಬೀಗುತ್ತಿದ್ದ. “ಊರೋರ ಗಂಟೆಲ್ಲ ಹೊರ್ತೀರಿ, ಮನೆ ಕಸ ಮಾತ್ರ ಹೊರಗಿಡಾಕೆ ಆಗಕ್ಕಿಲ್ಲ” ಎಂಬುದು ಹೆಂಡತಿ ಲಿಂಗಮ್ಮನ ನಿತ್ಯದ ಮಂಗಳಾರತಿ.

ಎರಡು ಸಾವಿರದ ಇಸವಿಯ ನವೆಂಬರ್ ಏಳು, ಎಲೆಕ್ಷನ್ ದಿನ. ಸಂಜೆ ಏಳಕ್ಕೆ ಪಕ್ಕದ ಅಪಾರ್ಟ್‌ಮೆಂಟಿನ ಭದ್ರಮ್ಮ ಫೋನು ಮಾಡಿದರು. ಎಪ್ಪತ್ತರ ವಿಧವೆ, ಹಾಸನದವರು. ಆ ವರ್ಷವಷ್ಟೇ ಅಮೆರಿಕದ ಸಿಟಿಜನ್ ಆಗಿದ್ದರು. ಕಾಲು ಮುರಿದು ಪ್ಲಾಸ್ಟರ್ ಹಾಕಿತ್ತು. ಮನೆಗೇ ಬಂದ ಮತಪತ್ರಕ್ಕೆ ಗುರುತು ಹಾಕಿ ಮಗ ಹರ್ಷನ ಕೈಗೆ ಪೋಸ್ಟ್ ಮಾಡಲು ಕೊಟ್ಟಿದ್ದರು. ಪುಣ್ಯಾತ್ಮ ಅದನ್ನು ಫ್ರಿಜ್ಜಿನ ಮೇಲಿಟ್ಟು ಮೀಟಿಂಗಿಗೆಂದು ಬಾಸ್ಟನ್‌ಗೆ ಹಾರಿದ್ದ.

“ಎಂಟು ಗಂಟೆಯೊಳ್ಗೆ ಮತಗಟ್ಟೆಗೆ ಮುಟ್ಟಬೇಕಂತೆ ಕಣೋ ಸಿದ್ದರಾಜು. ಹಾಸನದಲ್ಲಿ ಒಂದ್ಸಲ ಕ್ಯೂ ನಿಂತು ಒಳಗೋದ್ರೆ, ನನ್ನ ಹೆಸ್ರಲ್ಲಿ ಯಾವಳೋ ಆಗ್ಲೇ ವೋಟ್ ಹಾಕೋಗಿದ್ಲು. ಬದುಕಿರುವಾಗ್ಲೇ ತಿಥಿ ಮಾಡ್ದಂಗಾಗಿತ್ತು ನಂಗೆ. ಇದೂ ಹೋಗ್ಬಾರ್ದು.”

“ಕೊಡಕ್ಕ ಇತ್ಲಾಗೆ. ಐದು ನಿಮಿಷದ ಕೆಲ್ಸ.”

ತರುವವರ ಹೆಸರು, ಸಂಬಂಧ ಬರೆಯಲು ಲಕೋಟೆಯ ಮೇಲೆ ಜಾಗವಿತ್ತು. ಭದ್ರಮ್ಮ ಎರಡು ಸಲ ಯೋಚಿಸದೆ ‘ಸಿದ್ದರಾಜು, ಬ್ರದರ್’ ಎಂದು ಬರೆದರು. ಅಕ್ಕ ಎನ್ನುವವನು ತಮ್ಮನಲ್ಲದೆ ಇನ್ನೇನು?

ಮತಗಟ್ಟೆ ಇದ್ದದ್ದು ಒಬ್ಬರ ಮನೆಯ ಗರಾಜಿನಲ್ಲಿ. ಮೇಜಿನ ಹಿಂದೆ ಕುಳಿತಿದ್ದ ವಿಯೆಟ್ನಾಮಿನ ಮುದುಕಿ ಲಕೋಟೆ ನೋಡಿ ಕನ್ನಡಕ ಇಳಿಸಿದರು.

“ಬ್ರದರ್?”

“ಯೆಸ್ ಮೇಡಮ್, ಬ್ರದರ್.”

“ಸೇಮ್ ಮದರ್?”

ಸಿದ್ದರಾಜು ಒಂದು ‘ಯೆಸ್’ ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಹಾಸನದ ಆ ‘ಯಾವಳೋ’ ನೆನಪಾದಳು. ಅವಳೂ ಹೀಗೇ ಒಂದು ‘ಹೌದು’ ಹೇಳಿಯೇ ಅಲ್ಲವೇ ಒಳಗೆ ಹೋಗಿದ್ದು? ಥೂ, ಅಕ್ಕನ ವೋಟನ್ನು ತಾನೇ ಕಳ್ಳ ವೋಟು ಮಾಡುವುದೇ?

“ನೋ ಮೇಡಮ್. ನೈಬರ್.”

ಮುದುಕಿಗೂ ಪಾಪ ಅನ್ನಿಸಿತು. “ನಮ್ಮ ಭಾಷೆಯಲ್ಲೂ ಬೀದಿಯವರೆಲ್ಲ ಅಣ್ಣ, ತಮ್ಮ, ಅಕ್ಕಂದಿರೇ. ಆದರೆ ಕಾನೂನು ಬರೆದಿರುವುದು ಇಂಗ್ಲಿಷಿನಲ್ಲಿ” ಎಂದರು. ಹಾಸಿಗೆ ಹಿಡಿದವರ ಲಕೋಟೆಯನ್ನು ಗಂಡ, ಮಕ್ಕಳು, ಮೊಮ್ಮಕ್ಕಳು, ಹೆತ್ತವರು, ಅಜ್ಜ-ಅಜ್ಜಿ, ಒಡಹುಟ್ಟಿದವರು, ಇಲ್ಲವೇ ಒಂದೇ ಮನೆಯಲ್ಲಿರುವವರು ಮಾತ್ರ ತರಬಹುದು. ಅಕ್ಕಪಕ್ಕದವರು ಆ ಪಟ್ಟಿಯಲ್ಲಿಲ್ಲ. ಗೋಡೆ ಒಂದೇ ಆದರೂ ಬಾಗಿಲು ಎರಡಲ್ಲವೇ! ಲಕೋಟೆ ವಾಪಸು ಕೊಡುತ್ತ, “ಆಕೆಯನ್ನೇ ಕರೆತನ್ನಿ, ಇಳಿಯುವುದು ಬೇಡ. ನಾನೇ ಕಾರಿನ ಹತ್ತಿರ ಬರುತ್ತೇನೆ” ಎಂದರು.

ಆಗ ಏಳು ಇಪ್ಪತ್ತು. ಭದ್ರಮ್ಮನನ್ನು ಮೆಟ್ಟಿಲಿಳಿಸಲು ಕುರ್ಚಿಯೇ ಪಲ್ಲಕ್ಕಿಯಾಯಿತು. ಮುಂದೆ ಸಿದ್ದರಾಜು, ಹಿಂದೆ ಲಿಂಗಮ್ಮ. “ಬೀಳಿಸ್ಬೇಡ್ರೋ, ವೋಟಾದ್ಮೇಲೆ ಬೇಕಾದ್ರೆ ಬೀಳ್ಸಿ!” ಎಂದು ಭದ್ರಮ್ಮ ಕಿರುಚುತ್ತಲೇ ಇದ್ದರು. ಪ್ಲಾಸ್ಟರಿನ ಕಾಲನ್ನು ಹಿಂದಿನ ಸೀಟಿನ ಉದ್ದಕ್ಕೂ ಚಾಚಿಸಿ, ಪ್ರತಿ ಸಿಗ್ನಲ್ಲಿಗೂ ಶಾಪ ಹಾಕುತ್ತ, ಎಂಟಕ್ಕೆ ಆರು ನಿಮಿಷವಿರುವಾಗ ಸಿದ್ದರಾಜು ವ್ಯಾನನ್ನು ಗರಾಜಿನೆದುರು ನಿಲ್ಲಿಸಿದ.

ಮುದುಕಿ ಹೊರಗೆ ಬಂದು, ‘ಸಿದ್ದರಾಜು, ಬ್ರದರ್’ ಎಂಬುದರ ಮೇಲೆ ಭದ್ರಮ್ಮನಿಂದಲೇ ಗೀಟು ಎಳೆಸಿದರು. ಅಭ್ಯಾಸಬಲ ನೋಡಿ, ಲಕೋಟೆ ಈಸಿಕೊಳ್ಳಲು ಸಿದ್ದರಾಜುವಿನ ಕೈ ತಾನಾಗಿಯೇ ಮುಂದೆ ಹೋಯಿತು. ಭದ್ರಮ್ಮ ಫಟ್ಟನೆ ಒಂದು ಕೊಟ್ಟರು.

“ತೆಗಿಯೋ ಕೈನ! ಇದು ನಂದು, ನಾನೇ ಕೊಡ್ತೀನಿ.”

ಕೊಟ್ಟರು. ಲಕೋಟೆ ಗರಾಜಿನೊಳಗಿನ ಮತದ ಡಬ್ಬಕ್ಕೆ ಬಿದ್ದದ್ದನ್ನು ಕತ್ತು ಉದ್ದ ಮಾಡಿ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಿದ್ದರಾಜು ವ್ಯಾನು ತಿರುಗಿಸಿದ.

“ಯಾಕೋ ಮುಖ ಊದಿಸ್ಕೊಂಡಿದ್ದೀಯ?”

“ಗೀಟು ಹೊಡ್ದುಬುಟ್ಟಲ್ಲಕ್ಕ.”

“ಅದು ಅವರ ಬ್ರದರ್‌ಗೆ ಹೊಡ್ದಿದ್ದು ಕಣೋ. ತಮ್ಮ ಅಂತ ನಾನೆಲ್ಲಿ ಬರ್ದಿದ್ದೆ? ನಾಳೆ ಡ್ಯಾನ್‌ವಿಲ್‌ಗೆ ನಿಂಬೆಕಾಯಿ ಉಪ್ಪಿನಕಾಯಿ ಹೋಗ್ಬೇಕು. ಅದನ್ನ ತಮ್ಮನೇ ತಗೊಂಡೋಗ್ಬೇಕು.”