ಸೌದೆ ಕೊಟ್ಟಿಗೆಯಲ್ಲಿದ್ದ ಕೋಳಿ

ನನ್ನ ಮಗನಿಗೆ ಮೊಟ್ಟೆ ತಿನ್ನಿಸು ಎಂದು ನಿನ್ನನ್ನು ಕೇಳಿಕೊಂಡವಳು ನಾನೇ, ಅಮೀನಾ. ನೀನು ಕದ್ದು ತಿನ್ನಿಸಿದೆ ಎಂದು ಮನೆಯವರಿಗೆ ಹೇಳಿದವಳೂ ನಾನೇ. ಆ ಸುಳ್ಳನ್ನು ಬಾಯಲ್ಲಿಟ್ಟುಕೊಂಡೇ ಇಷ್ಟು ವರ್ಷ ಉಂಡಿದ್ದೇನೆ, ಶಿವನಾಮ ಹೇಳಿದ್ದೇನೆ, ಮೊಮ್ಮಕ್ಕಳನ್ನು ಮುದ್ದಿಸಿದ್ದೇನೆ—

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಿನ್ನ ಗಂಡ ಕಾರ್ಖಾನೆಯ ಲಾರಿ ಡ್ರೈವರ್, ವಾರಗಟ್ಟಲೆ ಊರಲ್ಲಿರುತ್ತಿರಲಿಲ್ಲ. ನಿನಗಿನ್ನೂ ಮಕ್ಕಳಾಗಿರಲಿಲ್ಲ. ನನ್ನ ಮಹೇಶ ಆಗತಾನೇ ಟೈಫಾಯ್ಡಿನಿಂದ ಎದ್ದಿದ್ದ. ಕಾಲು ಕಡ್ಡಿಯಂತಾಗಿ, ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ. ಡಾಕ್ಟರು ಮೊಟ್ಟೆ ಕೊಡಿ ಎಂದರು. ಲಿಂಗ ಕಟ್ಟಿದ ಮನೆ ನಮ್ಮದು. ಆ ಮಾತನ್ನು ನಾನು ಮನೆಗೆ ಒಯ್ಯಲಿಲ್ಲ. ನಲ್ಲಿಯ ಹತ್ತಿರ ನಿನಗೆ ಹೇಳಿಕೊಂಡು ಅತ್ತುಬಿಟ್ಟೆ.

"ಇದಕ್ಯಾಕೆ ಅಳ್ತೀರಿ ಅಕ್ಕಾ? ಕೆಂಪಿ ಮೊಟ್ಟೆ ಇಡ್ತಾಳಲ್ಲ. ನಮ್ಮನೇಲೇ ತಿಂದು ಬರ್ಲಿ ಬಿಡಿ" ಎಂದೆ ನೀನು.

ಕೆಂಪಿ ನಿನ್ನ ಒಂದೇ ಕೋಳಿ. ಹೆಸರಿಗೆ ಕೋಳಿ, ಸಾಕಿದ್ದು ಮಗಳಂತೆ. ನೀನು ಅಕ್ಕಿ ಆರಿಸುವಾಗ ಬಂದು ತೊಡೆಯ ಮೇಲೆ ಕೂರುತ್ತಿತ್ತು. ನನ್ನ ಮಗ ಆ ಮೊಟ್ಟೆಗಳಿಂದ ಚೇತರಿಸಿಕೊಂಡ. ಕೆನ್ನೆ ತುಂಬಿತು. ನನ್ನ ಗಂಡ, "ಕಷಾಯ ಹಿಡಿಸ್ತು ನೋಡು" ಎಂದಾಗ ನಾನು ಹೌದು ಎಂದೆ. ಅಲ್ಲಿಂದಲೇ ಶುರುವಾಗಿತ್ತೇನೋ—

ಆಮೇಲೆ ಕೆಂಪಿಗೆ ಹುಷಾರು ತಪ್ಪಿತು. ಕಾಳು ಮುಟ್ಟದೆ, ಕತ್ತು ಒಳಗೆಳೆದುಕೊಂಡು ಮೂಲೆಯಲ್ಲಿ ನಿಂತಿತು. ಕತ್ತಿನ ಬುಡದ ಮೇವಿನ ಚೀಲ ಉಬ್ಬಿ ಗಟ್ಟಿಯಾಗಿತ್ತು. ಅದೇ ಹೊತ್ತಿಗೆ ಹೊಳೆಹೊನ್ನೂರಿನಿಂದ ನಿನ್ನ ತಾಯಿ ಜಾರಿ ಬಿದ್ದ ಸುದ್ದಿ ಬಂತು. ನೀನು ಕೆಂಪಿಯನ್ನು ಎದೆಗವಚಿಕೊಂಡು ನಮ್ಮ ಹಿತ್ತಿಲಿಗೆ ಬಂದೆ.

"ದೊಡ್ಡ ಕಾಯಿಲೆ ಏನಲ್ಲ ಅಕ್ಕಾ. ಉದ್ದುದ್ದ ಹುಲ್ಲು ನುಂಗ್ಬಿಟ್ಟಿದಾಳೆ. ಎರಡು ತೊಟ್ಟು ಎಣ್ಣೆ ಕುಡಿಸಿ ಮೆತ್ತಗೆ ನೀವಿದ್ರೆ ಕರಗುತ್ತೆ. ಒಬ್ಬಳನ್ನೇ ಬಿಟ್ಟು ಹೋಗಕ್ಕೆ ಮನಸ್ಸು ಬರ್ತಿಲ್ಲ, ನೀವೇನಾದ್ರೂ—"

ಉಳಿದದ್ದನ್ನು ಹೇಳಲು ನಿನಗೆ ಸಂಕೋಚ. ನಾನೇ ಹೂಂ ಎಂದೆ. ಪ್ರೀತಿಯಿಂದಲೇ ಎಂದು ಹೇಳಲಾರೆ. ಕೋಳಿ ಸತ್ತರೆ ಮಗನಿಗೆ ಮೊಟ್ಟೆ ನಿಲ್ಲುತ್ತದೆ ಎಂಬ ಲೆಕ್ಕವೂ ಇತ್ತು. ಸೌದೆ ಕೊಟ್ಟಿಗೆಗೆ ನನ್ನ ಗಂಡ ಕಾಲಿಡುತ್ತಿರಲಿಲ್ಲ. ಅಲ್ಲೇ ಬುಟ್ಟಿ ಮುಚ್ಚಿ ಇಟ್ಟೆ.

ಅಲ್ಲಿಯವರೆಗೆ ನಾನು ಒಂದು ಹಕ್ಕಿಯನ್ನೂ ಮುಟ್ಟಿದವಳಲ್ಲ. ಪುಕ್ಕದ ಕೆಳಗೆ ಅಷ್ಟೊಂದು ಬಿಸಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಎಣ್ಣೆ ಕುಡಿಸಿ, ಉಗುರುಬೆಚ್ಚಗಿನ ನೀರು ಕುಡಿಸಿ, ಆ ಗಂಟನ್ನು ಬೆರಳಿನಿಂದ ನೀವುತ್ತ ಕೂರುತ್ತಿದ್ದೆ. ಮೆಲ್ಲಮೆಲ್ಲಗೆ ಗಂಟು ಸಡಿಲವಾಯಿತು. ಒಮ್ಮೆ ಕೆಂಪಿ ನನ್ನ ಮುಂಗೈ ಮೇಲೆ ಕತ್ತಿಟ್ಟು ಕಣ್ಣು ಮುಚ್ಚಿತು. ಜ್ವರದಲ್ಲಿ ಮಹೇಶನೂ ಹಾಗೇ ಮಲಗುತ್ತಿದ್ದ. ನನಗೆ ಸುಖವಾಯಿತು, ಅಮೀನಾ—ಇದನ್ನೂ ನಿನಗೆ ಹೇಳಲೇ ಇಲ್ಲ.

ಮಾರನೆಯ ದಿನ, ಹೇಳದೆ ಕೇಳದೆ, ಶಿವಮೊಗ್ಗದಿಂದ ನಮ್ಮತ್ತೆ ಬಂದರು. ಮೊಮ್ಮಗ ಗಾಂಧಿ ಬಜಾರಿನ ಹಿಂದಿನ ತಮ್ಮ ಮನೆಯಲ್ಲೇ ಬೆಳೆಯಲಿ, ಸೊಸೆಗೆ ಮಗು ಸಾಕಲು ಬರುವುದಿಲ್ಲ ಎಂದು ಆಗಲೇ ಎರಡು ಸಲ ಅಂದಿದ್ದವರು. ಮಹೇಶ ಅವರ ಕೈ ಹಿಡಿದು ಎಳೆದುಕೊಂಡೇ ಹಿತ್ತಿಲಿಗೆ ಬಂದ. "ಅಜ್ಜಿ, ಕೆಂಪಿ ತೋರಿಸ್ತೀನಿ ಬಾ. ನಂಗೆ ದಿನಾ ಮೊಟ್ಟೆ ಕೊಡೋದು ಇವಳೇ."

ನನ್ನ ಗಂಡನೂ ಹಿಂದೆಯೇ ಬಂದು ನಿಂತಿದ್ದರು. "ಏನೇ ಇದು?" ಎಂದರು ಅತ್ತೆ.

ನನ್ನ ಬೆರಳುಗಳಲ್ಲಿ ಇನ್ನೂ ಎಣ್ಣೆ ಇತ್ತು. ಸೆರಗಿಗೆ ಒರೆಸಿಕೊಳ್ಳುತ್ತಲೇ ಹೇಳಿದೆ: "ನಂಗೇನೂ ಗೊತ್ತಿಲ್ಲ. ಪಕ್ಕದವಳು ತಂದಿಟ್ಟು ಹೋಗಿದಾಳೆ. ಮಗೂಗೆ ಮೊಟ್ಟೆ ತಿನ್ನಿಸಿದ್ದೂ ಅವಳೇ, ನಂಗೆ ಹೇಳ್ದೆ."

ಮಗನನ್ನು ಕಸಿದುಕೊಂಡು ಹೋಗುತ್ತಾರೆಂದು ಹೆದರಿದ್ದೆ, ನಿಜ. ಆದರೆ ಹೆದರಿದವರೆಲ್ಲ ಪಕ್ಕದ ಮನೆಯವಳನ್ನು ಮುಂದೆ ತಳ್ಳುವುದಿಲ್ಲ.

ಬುಟ್ಟಿಯನ್ನು ನಿನ್ನ ಜಗಲಿಯ ಮೇಲೆ ಇಟ್ಟು ಬಂದೆ. ಆ ಸಂಜೆಯೇ ನೀನು ಊರಿನಿಂದ ಬಂದೆ. ಕಂಕುಳಲ್ಲಿ ಬಟ್ಟೆಗಂಟು ಇನ್ನೂ ಹಾಗೇ ಇತ್ತು. ನನ್ನ ಗಂಡ ನಿನ್ನನ್ನು ತಡೆದು, ಸಾಲಿನ ಹೆಂಗಸರೆಲ್ಲ ನೋಡುತ್ತಿರುವಾಗಲೇ ಕೇಳಿದರು: "ನಮ್ಮ ಮಗೂಗೆ ಮೊಟ್ಟೆ ಕೊಟ್ಟಿದ್ದು ನಿಜವೇನಮ್ಮಾ?"

ನೀನು ನನ್ನನ್ನು ನೋಡಿದೆ. ನಾನು ನೆಲ ನೋಡಿದೆ.

"ಹೌದಣ್ಣಾ" ಎಂದೆ ನೀನು. "ಸೊರಗಿತ್ತು ಮಗು. ನಾನೇ ಕೊಟ್ಟೆ. ತಪ್ಪಾಯ್ತು."

ಅತ್ತೆ ನಿನ್ನ ಜಾತಿ ಎತ್ತಿ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ನೀನು ಬುಟ್ಟಿಯಿಂದ ಕೆಂಪಿಯನ್ನು ಎತ್ತಿಕೊಂಡು, ಅದರ ಕತ್ತಿನ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಗಂಟು ಕರಗಿಹೋಗಿತ್ತು. ಒಂದು ಗಳಿಗೆ ಹಾಗೇ ನಿಂತು, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮರುದಿನ ನಲ್ಲಿಯ ಹತ್ತಿರ ನಾನು ಏನೋ ಹೇಳಲು ಬಾಯಿ ತೆರೆದೆ. ನೀನು ಕೊಡ ಎತ್ತಿಕೊಳ್ಳುತ್ತ ಅಂದೆ: "ಮಗೂಗೋಸ್ಕರ ಸುಮ್ನಿದ್ದೆ ಅಕ್ಕಾ. ನಿಮಗೋಸ್ಕರ ಅಲ್ಲ. ಇನ್ನು ನನ್ನನ್ನ ಮಾತಾಡಿಸ್ಬೇಡಿ."

ಕೆಲವೇ ತಿಂಗಳಲ್ಲಿ ನಮಗೆ ಬೇರೆ ಸಾಲಿನಲ್ಲಿ ಮನೆ ಸಿಕ್ಕಿತು. ನಿನ್ನ ಗಂಡ ಕಾರ್ಖಾನೆ ಬಿಟ್ಟರೆಂದು ಯಾರೋ ಹೇಳಿದರು. ನಮ್ಮ ಮನೆಯಲ್ಲಿ ಮಾತ್ರ ನೀನು ಉಳಿದುಕೊಂಡೆ, ಒಂದು ಕಥೆಯಾಗಿ. ಮದುವೆ ಮುಂಜಿಗಳಲ್ಲಿ ಅತ್ತೆ ಹೇಳುತ್ತಿದ್ದರು, 'ನಮ್ಮ ಹುಡುಗನ ಜಾತಿ ಕೆಡಿಸೋಕೆ ನೋಡಿದ ಪಕ್ಕದವಳ' ಕಥೆ. ನಾನು ಬಡಿಸುತ್ತ ತಲೆಯಾಡಿಸುತ್ತಿದ್ದೆ. ಒಮ್ಮೆ ನಾನಾಗಿಯೇ ಸೇರಿಸಿದೆ—"ಗೊತ್ತಾದ ದಿನ ನಾನು ಊಟಾನೇ ಮಾಡಲಿಲ್ಲ." ಅದೂ ಸುಳ್ಳು. ಆ ದಿನ ಊಟ ಮಾಡಿದ್ದೆ.

ಅತ್ತೆ ಹೋದರು, ನನ್ನವರೂ ಹೋದರು. ಮೊನ್ನೆ ಮೊಮ್ಮಗಳ ನಾಮಕರಣದಲ್ಲಿ ಮಹೇಶನೇ ನಗುತ್ತ ಆ ಕಥೆ ಶುರು ಮಾಡಿದ. ಎಲೆಯ ಮುಂದೆ ಕೂತವರೆಲ್ಲ ನಗಲು ಕಾಯುತ್ತಿದ್ದರು.

"ಅದು ಸುಳ್ಳು ಮಹೇಶ" ಎಂದೆ. "ಮೊಟ್ಟೆ ಕೊಡು ಅಂತ ಬೇಡಿದ್ದು ನಾನು."

ಅವನು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿ ಕೇಳಿದ: "ಅವರ ಹೆಸರೇನಮ್ಮಾ?" ನಮ್ಮ ಮನೆಯಲ್ಲಿ ನಿನ್ನ ಹೆಸರನ್ನು ಯಾರೂ ಹೇಳಿರಲೇ ಇಲ್ಲ. ನಾನು ಹೇಳಿದೆ.

ನಾಳೆ ಅವನ ಜೊತೆ ನಿನ್ನ ತವರೂರು ಹೊಳೆಹೊನ್ನೂರಿಗೆ ಬರುತ್ತಿದ್ದೇನೆ. ನೀನಿದ್ದರೆ ನಿನ್ನ ಮನೆಯವರೆಲ್ಲರ ಎದುರಿಗೆ ಹೇಳುತ್ತೇನೆ. ಇಲ್ಲದಿದ್ದರೆ ನಿನ್ನನ್ನು ಬಲ್ಲವರ ಎದುರಿಗೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ, ಅಮೀನಾ. ಕೇಳಿದರೆ ಮತ್ತೆ ನಿನ್ನಿಂದಲೇ ಏನನ್ನೋ ಬೇಡಿದಂತಾಗುತ್ತದೆ.