ಖಾಜಾ ಕಾಕಾ ಮತ್ತು ಅರಿಜೋನಾದ ಹಳೇ ಹೋಟೆಲು

ಖಾಜಾ ಕಾಕಾ ಬಾಗಿಲು ಕಂಡಲ್ಲೆಲ್ಲ ಚಪ್ಪಲಿ ಬಿಡುತ್ತಿದ್ದರು. ಮನೆ, ಮಸೀದಿ ಅಂದರೆ ಸರಿ. ಇವರು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದೆಯೂ ಬಿಡುತ್ತಿದ್ದರು, ಬ್ಯಾಂಕಿನ ಮುಂದೆಯೂ ಬಿಡುತ್ತಿದ್ದರು. ಒಮ್ಮೆ ನಮ್ಮೂರು ಸನ್ನಿವೇಲಿನ ಗ್ರೋಸರಿ ಅಂಗಡಿಯಲ್ಲಿ, ತಾನಾಗಿ ತೆರೆಯುವ ಗಾಜಿನ ಬಾಗಿಲ ನಡುವೆಯೇ ಬಿಟ್ಟು ಒಳಗೆ ಹೋದರು. ನಾವು ಮೆಂತ್ಯದ ಸೊಪ್ಪು ಆರಿಸಿಕೊಂಡು ಬರುವವರೆಗೂ ಆ ಬಾಗಿಲು ಮುಚ್ಚಲಾರದೆ, ತೆರೆಯಲಾರದೆ ಒದ್ದಾಡುತ್ತಿತ್ತು. ಗಲ್ಲೆಯಲ್ಲಿದ್ದ ಹುಡುಗಿ ಬಾಗಿಲು ಕೆಟ್ಟಿತೆಂದು ಯಾರಿಗೋ ಫೋನು ಹಚ್ಚಿಯೂ ಆಗಿತ್ತು.

"ಯಾಕೆ ಕಾಕಾ, ಅಂಗಡಿಗೂ ಬಿಡಬೇಕಾ?" ಅಂತ ಕೇಳಿದೆ.

"ಒಳಗ ಯಾರಾರ ಕಸಾ ಹೊಡದಿರ್ತಾರ ತಂಗಿ. ಅವರ ದುಡಿತದ ಮ್ಯಾಲ ನಾವ್ಯಾಕ ಧೂಳಾ ಹಾಕೂದು? ನಾ ಬಸ್ಸಿನ್ಯಾಗ ಇಡೀ ಜಿಲ್ಲಾದ ಧೂಳಾ ಉಂಡೀನಿ, ನನಗ ಗೊತ್ತೈತಿ."

ಕಾಕಾ ವಿಜಯಪುರದ ಕಡೆ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದು ರಿಟೈರಾದವರು. ಮಗ ಇರ್ಫಾನ್ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನವನು. ಆರು ತಿಂಗಳ ಮಟ್ಟಿಗೆ ಅಪ್ಪನನ್ನು ಕರೆಸಿಕೊಂಡಿದ್ದ. ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಕಾಕಾನ ಮೈಯಿಂದ ಬಸ್ಸು ಇಳಿದಿರಲಿಲ್ಲ. ಸಮ ನೆಲದ ಮೇಲೂ ಒಂದು ಕಡೆ ಸೊಂಟ ಒರಗಿಸಿಯೇ ನಿಲ್ಲುವರು. ನಮ್ಮ ಬಿಲ್ಡಿಂಗಿನ ಲಿಫ್ಟು ಬಂತೆಂದರೆ ಬಾಗಿಲಲ್ಲಿ ನಿಂತು "ಒಳಗ ಸರೀರಿ, ಒಳಗ ಸರೀರಿ, ಹಿಂದ ಭಾಳ ಜಾಗಾ ಐತಿ" ಅನ್ನುವರು. ಮೂರನೇ ಮಹಡಿಯ ಚೀನೀ ಅಜ್ಜಿಗೆ ಕನ್ನಡದ ಗಂಧವೂ ಇಲ್ಲ, ಆದರೂ ತಕ್ಷಣ ಹಿಂದೆ ಸರಿಯುತ್ತಿದ್ದರು. ಕಾರು ಹೊರಡಬೇಕಾದರೆ ಕಾಕಾ ಕೊನೆಗೆ ಹತ್ತಿ, ಬಾಗಿಲು ಎಳೆದುಕೊಂಡು "ರೈಟ್!" ಅನ್ನಬೇಕು. ಮೊಮ್ಮಗಳು ಜೋಯಾ ಕನ್ನಡ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ. ಅವಳು ಬಾಯಿಬಿಟ್ಟು ಆಡುತ್ತಿದ್ದ ಒಂದೇ ಕನ್ನಡ "ಹೋಗ್ಲಿ, ರೈಟ್!" ಅದನ್ನೂ ಕನ್ನಡ ಅಂತ ಲೆಕ್ಕಕ್ಕೆ ಹಿಡಿಯಬಹುದಾದರೆ.

ಕಾಕಾನ ಚಪ್ಪಲಿ ಅಥಣಿಯಲ್ಲಿ ಪಾದದ ಅಳತೆ ಕೊಟ್ಟು ಹೊಲಿಸಿದ್ದು. ದಪ್ಪ ತೊಗಲು, ನಡೆದರೆ ಕರಕರ ಸದ್ದು. ಆಯುಷ್ಯವಿಡೀ ನಿಂತು ದುಡಿದ ಕಾಲು ಅಗಲವಾಗಿ ಹರಡಿಕೊಂಡಿದ್ದರಿಂದ ಅಂಗಡಿಯ ಯಾವ ಬೂಟೂ ಅವರಿಗೆ ಹಿಡಿಸುತ್ತಿರಲಿಲ್ಲ. ಇರ್ಫಾನ್ ತಂದುಕೊಟ್ಟ ಬಿಳೀ ಬೂಟು ಬಾಲ್ಕನಿಯಲ್ಲಿ ತುಳಸಿ ಪಾಟಿನ ಪಕ್ಕ ಸುಮ್ಮನೆ ಕೂತಿತ್ತು. ತುಳಸಿ ನಾನು ಕೊಟ್ಟದ್ದು, ಕಾಕಾಗೆ ಕೆಮ್ಮಿನ ಕಷಾಯಕ್ಕೆ ಬೇಕಿತ್ತು.

ಇರ್ಫಾನ್‌ಗೆ ರೆಡ್‌ವುಡ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಒಮ್ಮೆ ಅವನ ಆಫೀಸಿನಲ್ಲಿ ಮನೆಮಂದಿಯನ್ನೆಲ್ಲ ಕರೆದ ದಿನ ಕಾಕಾ ಇಸ್ತ್ರಿ ಅಂಗಿ ಹಾಕಿ, ಅತ್ತರು ಪೂಸಿಕೊಂಡು ಹೋದರು. ಗಾಜಿನ ದೊಡ್ಡ ಬಾಗಿಲಲ್ಲಿ ಅಭ್ಯಾಸದಂತೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ನಡೆದರಂತೆ. ಸುತ್ತಲಿದ್ದವರು ನೋಡಿದರು. ಒಬ್ಬಿಬ್ಬರು ನಕ್ಕರು. ಇರ್ಫಾನ್ ಸರಸರ ಮುಂದೆ ಹೋಗಿಬಿಟ್ಟ, ಗೆಳೆಯನೊಬ್ಬ ಎದುರಾಗಿ "ಇವರು ಯಾರು?" ಅಂದರೆ "ಜೊತೆಗೆ ಬಂದಿದ್ದಾರೆ" ಅಂದನಂತೆ. ಇಷ್ಟನ್ನು ಕಾಕಾ ಮಾರನೆಯ ದಿನ ಪಾರ್ಕಿನಲ್ಲಿ ನನಗೆ ಹೇಳಿದರು.

"ಇಂಗ್ಲೀಷ್ ಬರಲಿಕ್ಕಂದ್ರೂ ಅಷ್ಟು ತಿಳೀತದ ತಂಗಿ. ಹುಡುಗಗ ನಾಚಿಕಿ ಆತು. ಅವನದೇನೂ ತಪ್ಪಿಲ್ಲ ಬಿಡು, ಅವನ ಊರು ಇದು. ನೀ ಮತ್ತ ಅವಗ ಹೇಳಗೀಳಬ್ಯಾಡ."

ಬೈದುಕೊಳ್ಳಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಮಗನ ಜೊತೆ ಹೊರಗೆ ಹೋಗುವುದನ್ನು ಮಾತ್ರ ನಿಲ್ಲಿಸಿಬಿಟ್ಟರು. ಶಾಪಿಂಗ್ ಮಾಲಿಗೆ ಕರೆದರೆ ಮೊಣಕಾಲು ನೋವು, ಬೀಚಿಗೆ ಕರೆದರೆ ನಮಾಜಿನ ಹೊತ್ತು. ಆ ಮೊಣಕಾಲು ನನ್ನ ಜೊತೆ ಪಾರ್ಕು ಸುತ್ತುವಾಗ ಕುದುರೆಯ ಹಾಗೆ ಓಡುತ್ತಿತ್ತು. ನನಗೆ ಇರ್ಫಾನನ ಮೇಲೆ ಸಿಟ್ಟು ಬಂದಿತ್ತು, ಕಾಕಾ ಬೇಡ ಅಂದದ್ದಕ್ಕೆ ಅವನಿಗೆ ಹೇಳಲಿಲ್ಲ. ಆದರೆ ಅವನು ಕೆಟ್ಟ ಹುಡುಗನಲ್ಲ. ಅಪ್ಪ ಮಂಕಾಗಿದ್ದಾರೆಂದು ತಿಳಿದಿತ್ತು, ಯಾಕೆಂದು ತಿಳಿದಿರಲಿಲ್ಲ. ಊರಿಗೆ ಹೋಗುವ ಮೊದಲು ಅಪ್ಪನಿಗೊಂದು ಖುಷಿ ಕೊಡಬೇಕು ಅಂತ ಅವನೇ ಆ ಹೋಟೆಲು ಹುಡುಕಿದ.

ಅದಕ್ಕೂ ಒಂದು ಕಾರಣವಿತ್ತು. ಕಾಕಾ ಹೆಚ್ಚಾಗಿ ದುಡಿದದ್ದು ವಸ್ತಿ ಬಸ್ಸಿನಲ್ಲಿ. ಸಂಜೆ ಹಳ್ಳಿಗೆ ಹೋಗಿ ಅಲ್ಲೇ ತಂಗಿ ಬೆಳಿಗ್ಗೆ ಮೊದಲ ಸರ್ವಿಸಿಗೆ ಹೊರಡುವ ಬಸ್ಸು ಅದು. ಮಲಗುವುದು ಸೀಟಿನ ಮೇಲೆ, ಸೆಕೆಯಾದರೆ ಬಸ್ಸಿನ ನೆತ್ತಿಯ ಮೇಲೆ, ಇಲ್ಲವೇ ಗುಡಿಕಟ್ಟೆ. "ಇಷ್ಟು ವರ್ಷ ಊರೂರು ತಿರುಗೀನಿ, ಒಂದು ಛಲೋ ಲಾಜಿಂಗಿನ್ಯಾಗ ಬೆನ್ನು ಹಚ್ಚಿಲ್ಲ" ಅಂತ ಕಾಕಾ ಎಂದೋ ನಗುತ್ತ ಅಂದದ್ದನ್ನು ಮಗ ನೆನಪಿಟ್ಟುಕೊಂಡಿದ್ದ. ಅರಿಜೋನಾದ ಒಂದು ಚಿಕ್ಕ ರೈಲ್ವೆ ಊರಿನಲ್ಲಿ ನೂರು ವರ್ಷ ದಾಟಿದ ಹೋಟೆಲಿಗೆ ಮೂರು ರೂಮು ಬುಕ್ಕು ಮಾಡಿದ. ನಾನೂ ನನ್ನ ಗಂಡನೂ ಜೊತೆಗೆ. ಈ ಸಲ ಕಾಕಾಗೆ ಮೊಣಕಾಲು ನೋಯಲಿಲ್ಲ.

ದಾರಿಯುದ್ದಕ್ಕೂ ವ್ಯಾನಿನೊಳಗೆ ನಗುವೋ ನಗು. ಗಿಲ್‌ರಾಯ್ ಎಂಬ, ಬೆಳ್ಳುಳ್ಳಿಗೆ ಹೆಸರಾದ ಊರು ದಾಟುವಾಗ ಅದರ ವಾಸನೆಗೆ ಕಾಕಾ ಕಿಟಕಿ ಇಳಿಸಿ "ಯಾರೋ ಒಗ್ಗರಣಿ ಹಾಕ್ಯಾರಲೇ, ಗಾಡಿ ನಿಂದ್ರಸು" ಅಂದರು. ಮರುಭೂಮಿಯ ನಡುವೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ರೆಸ್ಟ್ ಏರಿಯಾ ಬಂದಾಗೆಲ್ಲ "ಚಾ ಕುಡಿಯವ್ರು ಕುಡೀರಿ, ಇಳಿಯವ್ರು ಇಳೀರಿ, ಆಮ್ಯಾಲ ಹೊಯ್ಕೊಬ್ಯಾಡ್ರಿ." ದಾರಿಯಲ್ಲಿ ಒಂದು ರಾತ್ರಿ ಬೇರೆಡೆ ತಂಗಿ, ಮಾರನೆಯ ಸಂಜೆ ಆ ಊರು ಸೇರಿದೆವು.

ಹೋಟೆಲು ಕಂಡು ಕಾಕಾ ತಲೆಯೆತ್ತಿ ನೋಡುತ್ತ ನಿಂತರು. ಕೆಂಪು ಹೆಂಚಿನ ಮಾಡು, ದಪ್ಪ ಗೋಡೆ, ಎದುರಿಗೇ ರೈಲು ಹಳಿ. ಒಳಗೆ ಮರದ ತೊಲೆಗಳು, ಎಣ್ಣೆ ಕುಡಿದು ಕಪ್ಪಾದ ಮೆಟ್ಟಿಲು, ಜಾಲರಿ ಬಾಗಿಲ ಲಿಫ್ಟು, ಹಿತ್ತಾಳೆ ಬಿಲ್ಲೆ ಕಟ್ಟಿದ ಬೀಗದ ಕೈ. ಕಂಬಕ್ಕೆ ಅಂಗೈ ಒತ್ತಿ ನಿಂತು "ಗಟ್ಟಿ ಐತಿ" ಅಂದರು. ಬಸ್ಸು ಡಿಪೋದಿಂದ ಹೊರಡುವ ಮುಂಚೆ ಟೈರು ತಟ್ಟಿ ನೋಡುತ್ತಿದ್ದದ್ದೂ ಹೀಗೇ ಇರಬೇಕು.

ನಮ್ಮೆದುರು ಅಪ್ಪ ಮಗ ಕನ್ನಡದಲ್ಲೇ ಮಾತಾಡುತ್ತಿದ್ದರು, ಉರ್ದು ಆಡಿ ನಮ್ಮನ್ನು ಹೊರಗಿಟ್ಟ ಹಾಗಾಗಬಾರದು ಅಂತ. ರೂಮಿಗೆ ಹೋಗುವಾಗ ಇರ್ಫಾನ್ ಅಪ್ಪನಿಗೆ ಮೆಲ್ಲಗೆ ಅಂದ: "ಅಬ್ಬಾ, ಇಲ್ಲಿ ಚಪ್ಲಿ ಹೊರಗ ಬಿಡಬ್ಯಾಡ್ರಿ, ಪ್ಲೀಸ್. ಮಂದಿ ನೋಡ್ತಾರ."

"ಆತು" ಅಂದರು ಕಾಕಾ.

ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ಕಾಕಾ. ಬರಿಗಾಲು.

"ತಂಗಿ, ನನ್ನ ಚಪ್ಲಿ ಹೋದುವು."

ಆತು ಅಂದ ಮಾತು ಅವರು ಮರೆತಿರಲಿಲ್ಲ. ಆದರೆ ರೂಮಿನೊಳಗಿನ ಹಳೇ ರತ್ನಗಂಬಳಿ ಕಂಡು ಕಾಲು ಒಳಗೆ ಹೋಗದೆ ನಿಂತಿತಂತೆ. ಯಾರೂ ಎಡವಬಾರದು ಅಂತ ನನ್ನ ರೂಮು ಅವರ ರೂಮು ಎರಡರ ನಡುವೆ ಗೋಡೆಗೆ ಒತ್ತಿ ಇಟ್ಟಿದ್ದರು. ಈಗ ಇಲ್ಲ.

"ಕೆಳಗೆ ಕೇಳೋಣ ಬನ್ನಿ" ಅಂದೆ.

"ಬ್ಯಾಡ! ಕೇಳಿದ್ರ ಇರ್ಫಾನಗ ಗೊತ್ತಾಕ್ಕೈತಿ. ಬಿಡಬ್ಯಾಡ ಅಂದಿದ್ದ. ಊರಾಗ ಮಸೂತಿ ಮುಂದ ಕಳಕೊಂಡ್ರ ಉಳದಿದ್ದರಾಗ ಒಂದು ಜೋಡ ಹಾಕ್ಕೊಂಡು ಬರಬೌದು. ಇಲ್ಲಿ ಉಳದ ಜೋಡೂ ಇಲ್ಲ ನೋಡು!" ಅಂತ ಆ ಸಂಕಟದಲ್ಲೂ ನಕ್ಕರು. ನನ್ನ ಗಂಡನ ಬೂಟಿಗೆ ಅವರ ಹೆಬ್ಬೆರಳೂ ಹೋಗಲಿಲ್ಲ. ಕೊನೆಗೆ ನಾವು ಮೂವರೂ ಎಲ್ಲರಿಗಿಂತ ಮುಂಚೆ ಡೈನಿಂಗ್ ಹಾಲಿಗೆ ಇಳಿದೆವು. ನೆಲ ಮುಟ್ಟುವ ಬಟ್ಟೆ ಹಾಸಿದ ಮೇಜು ನೋಡಿ ಕಾಕಾನನ್ನು ಕೂರಿಸಿದೆವು. ಬಟ್ಟೆಯ ಕೆಳಗೆ ಕಾಲು ಅಡಗಿಸಿ ಅವರು ಸಾಹುಕಾರರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಇರ್ಫಾನ್, ಅವನ ಹೆಂಡತಿ ನಾಜಿಯಾ, ಜೋಯಾ ಬಂದು ಕೂತರು. ಯಾರಿಗೂ ಏನೂ ಗೊತ್ತಾಗಲಿಲ್ಲ. ಬಫೆಯಿಂದ ತಟ್ಟೆ ತರೋಣ ಬನ್ನಿ ಅಂದರೆ ಕಾಕಾಗೆ ಹಸಿವೇ ಇಲ್ಲ. ನಾಜಿಯಾಗೆ ಅಲ್ಲೇ ಅನುಮಾನ ಬಂತು.

ಡೈನಿಂಗ್ ಹಾಲು ಜನರಿಂದ ತುಂಬಿತು. ಆಗ ಬೆಳ್ಳಗಿನ ಮೀಸೆಯ ಹಿರಿಯ ನೌಕರನೊಬ್ಬ, ಕೋಟು ಟೈ ಕಟ್ಟಿದವನು, ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ದೊಡ್ಡ ತಟ್ಟೆ, ತಟ್ಟೆಯ ಮೇಲೆ ಮಡಿಸಿದ ಬಿಳೀ ಬಟ್ಟೆ, ಬಟ್ಟೆಯ ಮೇಲೆ ಅಥಣಿಯ ಚಪ್ಪಲಿ. ಫಳಫಳ ಹೊಳೆಯುತ್ತಿದ್ದವು. ಎಲ್ಲರಿಗೂ ಕೇಳುವ ಹಾಗೆ, ಇವು ಯಾರದ್ದು ಅಂತ ವಿಚಾರಿಸಿದ.

ಚಮಚಗಳ ಸದ್ದು ನಿಂತಿತು. ಕಾಕಾ ತಲೆಯೆತ್ತಿ ಸೂರಿನ ತೊಲೆಗಳನ್ನು ಪರೀಕ್ಷಿಸತೊಡಗಿದರು. ಇರ್ಫಾನ್ ತಟ್ಟೆ ನೋಡಿದ, ಅಪ್ಪನ ಮುಖ ನೋಡಿದ, ಮೇಜಿನ ಬಟ್ಟೆ ನೋಡಿದ. ಅಪ್ಪ ತನಗೆ ಹೆದರಿ ಕಾಲು ಅಡಗಿಸಿಕೊಂಡು ಕೂತಿದ್ದಾರೆ ಅನ್ನುವುದು ಅವನಿಗೆ ಆಗ ಹೊಳೆಯಿತು. ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತ.

"ದೇ ಆರ್ ಮೈ ಫಾದರ್ಸ್" ಅಂದ. ಸಾಲದೆಂಬಂತೆ ಅಪ್ಪನ ಹೆಗಲ ಮೇಲೆ ಕೈಯಿಟ್ಟು ಇನ್ನೊಂದು ಸಲ, ಗಟ್ಟಿಯಾಗಿ, "ದಿಸ್ ಈಸ್ ಮೈ ಫಾದರ್."

ಆಮೇಲೆ ವಿಷಯ ಗೊತ್ತಾಯಿತು. ಆ ಕಾಲದ ಹೋಟೆಲುಗಳಲ್ಲಿ ಗಿರಾಕಿಗಳು ಮಲಗುವ ಮುಂಚೆ ಬೂಟನ್ನು ರೂಮಿನ ಹೊರಗಿಡುವುದು, ಬೆಳಗಾಗುವಷ್ಟರಲ್ಲಿ ಪಾಲಿಶಾಗಿ ಬರುವುದು ವಾಡಿಕೆಯಂತೆ. ಈ ಹೋಟೆಲಿನಲ್ಲಿ ಅದು ಇನ್ನೂ ಉಂಟು ಅಂತ ರೂಮಿನ ಮೇಜಿನ ಮೇಲೆ ಒಂದು ಕಾರ್ಡೇ ಇತ್ತು. ಇಂಥದನ್ನೆಲ್ಲ ಓದುವವರು ಯಾರು? ಬಹಳ ಕಾಲದಿಂದ ಒಬ್ಬರೂ ಇಟ್ಟಿರಲಿಲ್ಲವಂತೆ. ಬೆಳಿಗ್ಗೆ ಚಪ್ಪಲಿ ಕಂಡು ಆ ಮನುಷ್ಯನಿಗೆ ಎಷ್ಟು ಸಂತೋಷವಾಯಿತೆಂದರೆ ಎತ್ತಿಕೊಂಡು ಹೋಗಿ ಎಣ್ಣೆ ಹಚ್ಚಿ ಉಜ್ಜಿದ. ಎರಡು ಬಾಗಿಲ ನಡುವೆ ಇದ್ದದ್ದರಿಂದ ಯಾವ ರೂಮಿಗೆ ಕೊಡುವುದೆಂದು ತಿಳಿಯಲಿಲ್ಲ. ಹೋಟೆಲಿನಲ್ಲಿ ಹೇಗೆ ಉಳಿಯಬೇಕೆಂದು ಗೊತ್ತಿರುವ ಒಬ್ಬ ಗಿರಾಕಿಯನ್ನು ಕೊನೆಗೂ ಕಂಡೆ ಅಂತ ಕಾಕಾನ ಕೈ ಕುಲುಕಿದ.

"ಏನಂದ?" ಅಂತ ಕಾಕಾ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇರ್ಫಾನನೇ ಹೇಳಿದ. ಕಾಕಾ ಎದ್ದು, ಎಲ್ಲರೆದುರು ಚಪ್ಪಲಿ ಮೆಟ್ಟಿ, ಎರಡು ಹೆಜ್ಜೆ ಇಟ್ಟು ನೋಡಿದರು. "ಕೇಳಪಾ ಅವನ್ನ, ಯಾವ ಎಣ್ಣಿ ಹಚ್ಚ್ಯಾನ? ಸಪ್ಪಳಾನೂ ಹೋತಲ್ಲ!" ಪಕ್ಕದ ಮೇಜಿನ ದಂಪತಿ ಚಪ್ಪಲಿ ನೋಡಲು ಬಂದರು. ಇರ್ಫಾನ್ ಅವರಿಗೆ ವಸ್ತಿ ಬಸ್ಸು ಅಂದರೇನೆಂದು ವಿವರಿಸಿದ, ಅಥಣಿ ಎಲ್ಲಿದೆ ಅಂತ ಫೋನಿನಲ್ಲಿ ಮ್ಯಾಪು ತೆಗೆದು ತೋರಿಸಿದ. ಕಾಕಾಗೆ ಹಸಿವು ಬಂತು, ಮೊಟ್ಟೆ, ಹಣ್ಣು, ಪ್ಯಾನ್‌ಕೇಕು ಒಂದನ್ನೂ ಬಿಡಲಿಲ್ಲ. ಮೂರು ದಿನ ಇದ್ದೆವು. ಜೋಯಾಳ ಬೂಟಿನಿಂದ ಹಿಡಿದು ನನ್ನ ಹಳೇ ಸ್ಯಾಂಡಲ್ಲಿನವರೆಗೆ ಎಲ್ಲವೂ ಹೊರಗೇ ಮಲಗಿದವು.

ಒಂದು ಮಧ್ಯಾಹ್ನ ಹೋಟೆಲಿನ ಜಗಲಿಯಲ್ಲಿ ಗೂಡ್ಸು ಗಾಡಿ ಹೋಗುವುದನ್ನು ನೋಡುತ್ತ ಕೂತಿದ್ದೆವು. ಕೊನೆಯ ಡಬ್ಬಿ ದಾಟಿದ ಮೇಲೆ ಕಾಕಾ ಅಂದರು: "ಕೇಳಿದಿಲ್ಲ ತಂಗಿ? ಎದ್ದು ನಿಂತು ಹೇಳಿದ. ಎರಡ ಸಲ ಹೇಳಿದ."

"ಕೇಳಿದೆ ಕಾಕಾ" ಅಂದೆ.

ಮುಂದಿನ ತಿಂಗಳು ಕಾಕಾ ವಿಜಯಪುರಕ್ಕೆ ಹೊರಟರು. ಅಲ್ಲಿ ಮಗಳ ಮನೆ, ಮೊಮ್ಮಕ್ಕಳ ಹಿಂಡು, ಡಿಪೋದ ಗೆಳೆಯರು. ಅವರಿಗೆ ಹೊತ್ತು ಹೋಗುವುದಿಲ್ಲ ಅನ್ನುವ ಚಿಂತೆ ಯಾರಿಗೂ ಇಲ್ಲ. ಹೊತ್ತು ಹೋಗದಿರುವುದು ನನಗೆ. ಪಾರ್ಕಿಗೆ ಒಬ್ಬಳೇ ಹೋಗುತ್ತೇನೆ. ಲಿಫ್ಟಿನಲ್ಲಿ ಚೀನೀ ಅಜ್ಜಿ ಬಾಗಿಲ ಕಡೆ ಕೈ ತೋರಿಸಿ, ಅವರೆಲ್ಲಿ ಅಂತ ಕಣ್ಣಲ್ಲೇ ಕೇಳುತ್ತಾರೆ. ನಾನು ಮೇಲೆ ಕೈ ಮಾಡಿ ವಿಮಾನ ಹಾರಿಸಿ ತೋರಿಸುತ್ತೇನೆ.

ಮೊನ್ನೆ ಕಾಕಾಗೆ ಫೋನು ಮಾಡಿದ್ದೆ. ಎಂದಿನ ಜೋರು ದನಿ. ಚೀನೀ ಅಜ್ಜಿ, ಜೋಯಾ, ನನ್ನ ಗಂಡ, ಎಲ್ಲರನ್ನೂ ವಿಚಾರಿಸಿ ಮುಗಿಸಿದ ಮೇಲೆ ಒಂದು ತಕರಾರು ಹೇಳಿದರು.

"ಇರ್ಫಾನಗ ನೀನಾರ ಸ್ವಲ್ಪ ಹೇಳವಾ. ದಿನಾ ಆಫೀಸಿಗೆ ಹೋದ ಕೂಡ್ಲೆ ವಿಡಿಯೋ ಹಚ್ಚತಾನ, ಇಲ್ಲಿ ನಂದು ರಾತ್ರಿ ಊಟದ ಹೊತ್ತು. ದಾರಿಗೆ ಹೋಗವ್ರನ್ನೆಲ್ಲಾ ನಿಂದ್ರಿಸಿ 'ಮೈ ಫಾದರ್, ಮೈ ಫಾದರ್' ಅಂತ ತೋರಸ್ತಾನ. ಮನ್ಯಾಗ ಬನಿಯನ್ ಮ್ಯಾಲ ಊಟಕ್ಕ ಕುಂದ್ರಾಕೂ ಬರವೊಲ್ದು ನೋಡು, ದಿನಾ ಇಸ್ತ್ರಿ ಅಂಗಿ ಹಾಕ್ಕೊಂಡು ರೊಟ್ಟಿ ತಿನ್ನಾಕತ್ತೀನಿ."